ಹಿಡಿ ಕಬ್ಬಿಣ, ಚಿಟಿಕೆ ಬೋರಾನ್

ಕೆಟ್ಟುಹೋದ ಮಿಕ್ಸಿಯನ್ನು ಬಿಚ್ಚಿ ನೋಡಿದವರಿಗೆ ಗೊತ್ತು, ಅದರ ಮೋಟಾರಿನಲ್ಲಿ ಅಯಸ್ಕಾಂತವೆಂಬ ತುಂಡು ಇರುವುದೇ ಇಲ್ಲ. ಒಳಗೂ ತಾಮ್ರದ ಸುರುಳಿ, ಹೊರಗೂ ತಾಮ್ರದ ಸುರುಳಿ. ವಿದ್ಯುತ್ ಹರಿದಾಗಷ್ಟೇ ಅಲ್ಲಿ ಕಾಂತಶಕ್ತಿ ಹುಟ್ಟುತ್ತದೆ. ಆದರೆ ಬೆಂಗಳೂರಿನ ರಸ್ತೆಗಳಲ್ಲಿ ಸದ್ದಿಲ್ಲದೆ ಪಕ್ಕದಲ್ಲೇ ಸುಳಿದುಹೋಗುವ ವಿದ್ಯುತ್ ಸ್ಕೂಟರಿನ ಕಥೆ ಬೇರೆ. ಅಂಥ ಹೆಚ್ಚಿನ ಸ್ಕೂಟರುಗಳ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಪುಟ್ಟ ಪುಟ್ಟ ಅಯಸ್ಕಾಂತದ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಅವುಗಳಿಗೆ ಬ್ಯಾಟರಿಯಿಂದ ಕರೆಂಟು ಕೊಡಬೇಕಾಗಿಲ್ಲ. ಹಾಗಾಗಿಯೇ ಮೋಟಾರು ಚಿಕ್ಕದು, ಹಗುರ, ಖರ್ಚೂ ಕಡಿಮೆ.

ಈ ಬಿಲ್ಲೆ ಪ್ರಯೋಗಾಲಯದಿಂದ ಪೇಟೆಗೆ ಬಂದ ಬಗೆ ಸ್ವಾರಸ್ಯಕರವಾದದ್ದು.

1960ರ ದಶಕದ ಕೊನೆಯ ಹೊತ್ತಿಗೆ ಜಗತ್ತಿನ ಅತಿ ಬಲಶಾಲಿ ಅಯಸ್ಕಾಂತವೆಂದರೆ ಸಮೇರಿಯಂ ಮತ್ತು ಕೋಬಾಲ್ಟ್ ಸೇರಿಸಿ ಮಾಡಿದ್ದು. ಎರಡೂ ದುಬಾರಿ. 1978ರಲ್ಲಿ ಆಫ್ರಿಕಾದ ಜೈರೆಯ ಶಾಬಾ ಪ್ರಾಂತದಲ್ಲಿ ದಂಗೆ ಎದ್ದಾಗ ಕೋಬಾಲ್ಟಿನ ಬೆಲೆ ಗಗನಕ್ಕೇರಿತು. ಅಗ್ಗದ ಕಬ್ಬಿಣದಿಂದಲೇ ಇಂಥದನ್ನು ಮಾಡಬಾರದೇಕೆ ಎಂಬ ಪ್ರಶ್ನೆ ಹಲವರ ತಲೆಯಲ್ಲಿತ್ತು.

ಮಸಾತೊ ಸಗಾವಾ ಆಗ ಜಪಾನಿನ ಫುಜಿತ್ಸು ಕಂಪನಿಯ ಪ್ರಯೋಗಾಲಯದಲ್ಲಿದ್ದರು. ಅವರಿಗೆ ವಹಿಸಿದ್ದ ಕೆಲಸ ಸಮೇರಿಯಂ-ಕೋಬಾಲ್ಟ್ ಅಯಸ್ಕಾಂತವನ್ನು ಗಟ್ಟಿಮುಟ್ಟಾಗಿಸುವುದು. 1978ರ ಒಂದು ವಿಚಾರ ಸಂಕಿರಣದಲ್ಲಿ ಭಾಷಣಕಾರರೊಬ್ಬರು, ವಿರಳ ಭಸ್ಮ ಲೋಹದೊಂದಿಗೆ ಕಬ್ಬಿಣ ಬೆರೆಸಿದರೆ ಅದರ ಪರಮಾಣುಗಳು ಪರಸ್ಪರ ತೀರಾ ಹತ್ತಿರ ಕೂರುತ್ತವೆ, ಆದ್ದರಿಂದಲೇ ಒಳ್ಳೆಯ ಅಯಸ್ಕಾಂತ ಆಗುವುದಿಲ್ಲ ಎಂದು ವಿವರಿಸಿದರು. ಹಾಗಾದರೆ ನಡುವೆ ಬೋರಾನ್ ಅಥವಾ ಇಂಗಾಲದಂಥ ಪುಟ್ಟ ಪರಮಾಣುವನ್ನು ತೂರಿಸಿ ಅಂತರ ಹೆಚ್ಚಿಸಬಹುದಲ್ಲ ಎಂದು ಸಗಾವಾಗೆ ಕುಳಿತಲ್ಲೇ ಹೊಳೆಯಿತು. (ಬೋರಾನ್ ಸೇರಿಸಿದ್ದರ ಪರಿಣಾಮ ಅವರು ಎಣಿಸಿದಷ್ಟು ಸರಳವಾಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅಯಸ್ಕಾಂತವಂತೂ ಸಿದ್ಧವಾಗಿತ್ತು!)

ಕಂಪ್ಯೂಟರ್ ಮಾಡುವ ಕಂಪನಿಗೆ ಇದರಲ್ಲಿ ಆಸಕ್ತಿ ಹುಟ್ಟಲಿಲ್ಲ. 1982ರಲ್ಲಿ ಸಗಾವಾ ರಾಜೀನಾಮೆ ಕೊಟ್ಟು ಸುಮಿಟೊಮೊ ಸ್ಪೆಷಲ್ ಮೆಟಲ್ಸ್ ಸೇರಿದರು. ವಯಸ್ಸು ನಲವತ್ತರ ಹತ್ತಿರ. ಜಪಾನಿನಲ್ಲಿ ಒಮ್ಮೆ ಸೇರಿದ ಕಂಪನಿಯಲ್ಲೇ ನಿವೃತ್ತರಾಗುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಕೆಲವೇ ತಿಂಗಳಲ್ಲಿ ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಹೊಸ ಅಯಸ್ಕಾಂತ ಹಳೆಯ ದಾಖಲೆಯನ್ನು ಮುರಿಯಿತು. ನೂರು ಗ್ರಾಮಿನಲ್ಲಿ ಬೋರಾನ್ ಹೆಚ್ಚುಕಡಿಮೆ ಒಂದೇ ಗ್ರಾಮ್. ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ ಕಬ್ಬಿಣ.

ಪ್ರಯೋಗಾಲಯದ ತುಂಡು ಮೇಜಿನ ಮೇಲೆ ಚೆನ್ನಾಗಿತ್ತು. ಮೋಟಾರಿನ ಒಳಗೆ? ಮೋಟಾರು ಬಿಸಿಯಾಗುತ್ತದೆ. ನೂರು ಡಿಗ್ರಿ ದಾಟಿದರೆ ಈ ಅಯಸ್ಕಾಂತದ ಪಟ್ಟು ಸಡಿಲವಾಗಿ, ಎದುರಿನ ಸುರುಳಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ ಶಕ್ತಿಯನ್ನೇ ಕಳೆದುಕೊಳ್ಳುತ್ತಿತ್ತು. ನಿಯೋಡಿಮಿಯಮ್ಮಿನ ಸ್ವಲ್ಪ ಭಾಗದ ಬದಲಿಗೆ ಡಿಸ್ಪ್ರೋಸಿಯಂ ಹಾಕಿ ಸಗಾವಾ ಆ ತೊಡಕನ್ನು ಬಿಡಿಸಿದರು. ಈ ಪರಿಹಾರವೇ ಮುಂದೆ ಇನ್ನೊಂದು ತಲೆನೋವಾಯಿತು, ಅದಕ್ಕೆ ಆಮೇಲೆ ಬರೋಣ.

ಕಾರ್ಖಾನೆಯ ತಾಪತ್ರಯಗಳು ಬೇರೆಯೇ. ಮಿಶ್ರಲೋಹವನ್ನು ಮೈದಾಹಿಟ್ಟಿಗಿಂತ ನುಣ್ಣಗೆ ಪುಡಿ ಮಾಡಬೇಕು. ಆ ಪುಡಿ ಗಾಳಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಕಾಂತಕ್ಷೇತ್ರದಲ್ಲಿಟ್ಟು ಕಣಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುವಂತೆ ಒತ್ತಿ, ಗಾಳಿಯಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮಿಕ್ಕಿ ಕಾಯಿಸಬೇಕು. ಹೊರಬಂದ ತುಂಡು ಪಿಂಗಾಣಿಯಂತೆ ಸುಲಭವಾಗಿ ಒಡೆಯುವಂಥದ್ದು. ಹಾಗೇ ಬಿಟ್ಟರೆ ತುಕ್ಕು. ನಿಕಲ್ ಲೇಪಿಸಿದರೇ ಬಾಳಿಕೆ.

ಇತ್ತ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಜಾನ್ ಕ್ರೋಟ್ ಸ್ವತಂತ್ರವಾಗಿ ಇದೇ ಮಿಶ್ರಣಕ್ಕೆ ಬಂದು ತಲುಪಿದ್ದರು, ದಾರಿ ಮಾತ್ರ ಬೇರೆ. ಕರಗಿದ ಲೋಹವನ್ನು ರಭಸದಿಂದ ತಿರುಗುವ ತಣ್ಣನೆಯ ಚಕ್ರದ ಮೇಲೆ ಚಿಮ್ಮಿಸಿ ಕ್ಷಣಾರ್ಧದಲ್ಲಿ ಗಟ್ಟಿಗೊಳಿಸುವುದು ಅವರ ವಿಧಾನ. 1983ರ ನವೆಂಬರಿನಲ್ಲಿ ಪಿಟ್ಸ್‌ಬರ್ಗಿನ ಒಂದೇ ಸಮ್ಮೇಳನದಲ್ಲಿ ಎರಡೂ ಕಡೆಯವರು ತಂತಮ್ಮ ಶೋಧ ಮಂಡಿಸಿದರು. ಪೇಟೆಂಟ್ ಜಗಳ ಕೊನೆಗೆ ರಾಜಿಯಲ್ಲಿ ಮುಗಿದು, ಇಬ್ಬರೂ ಪರಸ್ಪರ ಪರವಾನಗಿ ಕೊಟ್ಟುಕೊಂಡರು.

ಮೊದಲ ದೊಡ್ಡ ಗಿರಾಕಿ ಕಾರಲ್ಲ, ಕಂಪ್ಯೂಟರ್! ಹಾರ್ಡ್ ಡಿಸ್ಕಿನೊಳಗೆ ಓದುವ ತೋಳನ್ನು ಅತ್ತಿತ್ತ ಆಡಿಸುವ ಪುಟ್ಟ ಮೋಟಾರಿಗೆ ಈ ಬಿಲ್ಲೆ ಹೇಳಿ ಮಾಡಿಸಿದಂತಿತ್ತು. ಸಗಾವಾರ ಹಳೆಯ ಕಂಪನಿ ಇದನ್ನು ಊಹಿಸಬಹುದಿತ್ತೇನೋ. ಜನರಲ್ ಮೋಟರ್ಸ್ ತನ್ನ ಕಾರುಗಳ ಸ್ಟಾರ್ಟರ್ ಮೋಟಾರಿಗಾಗಿ 1986ರಲ್ಲಿ ಮ್ಯಾಗ್ನೆಕ್ವೆಂಚ್ ಎಂಬ ವಿಭಾಗ ತೆರೆದು, ಇಂಡಿಯಾನಾದ ಆಂಡರ್ಸನ್ ಪಟ್ಟಣದಲ್ಲಿ ಕಾರ್ಖಾನೆ ಹಾಕಿತು. 1997ರಲ್ಲಿ ಜಪಾನಿನ ರಸ್ತೆಗಿಳಿದ ಟೊಯೋಟಾ ಪ್ರಿಯಸ್ ಕಾರಿನ ಮೋಟಾರಿನಲ್ಲಿಯೂ ನಿಯೋಡಿಮಿಯಂ ಬಿಲ್ಲೆಗಳೇ.

ಆದರೆ 1995ರಲ್ಲೇ ಜನರಲ್ ಮೋಟರ್ಸ್ ಮ್ಯಾಗ್ನೆಕ್ವೆಂಚನ್ನು ಮಾರಿಬಿಟ್ಟಿತ್ತು. ಕೊಂಡವರಲ್ಲಿ ಚೀನಾದ ಕಂಪನಿಗಳೂ ಇದ್ದವು. 2000ದ ದಶಕದಲ್ಲಿ ಅಮೆರಿಕದ ಕೆಲಸವೆಲ್ಲ ಚೀನಾಕ್ಕೆ ಹೋಗಿ, ಆಂಡರ್ಸನ್ನಿನ ಕಾರ್ಖಾನೆಗೆ ಬೀಗ ಬಿತ್ತು. ಅದಿರು, ಶುದ್ಧೀಕರಣ, ಬಿಲ್ಲೆ ಮೂರರಲ್ಲೂ ಚೀನಾ ಮೇಲುಗೈ ಸಾಧಿಸಿತು. ಸಗಾವಾ ಶಾಖಕ್ಕೆ ಮದ್ದಾಗಿ ಹಾಕಿದ ಡಿಸ್ಪ್ರೋಸಿಯಂ ಕೂಡ ಬಹುಪಾಲು ಅಲ್ಲಿಂದಲೇ ಬರಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ಅದರ ಮತ್ತು ಅದು ಸೇರಿದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ಸ್ಕೂಟರ್ ಕಾರ್ಖಾನೆಗಳಿಗೂ ಬಿಸಿ ತಟ್ಟಿತು; ಕೆಲವರು ಉತ್ಪಾದನೆ ತಗ್ಗಿಸಬೇಕಾಯಿತು.

ಕೇರಳ, ತಮಿಳುನಾಡು, ಒಡಿಶಾಗಳ ಕಡಲತೀರದ ಮರಳಿನಲ್ಲಿ ನಿಯೋಡಿಮಿಯಂ ಇದೆ. ಮರಳನ್ನು ಬಿಲ್ಲೆಯಾಗಿಸುವ ದೊಡ್ಡ ಕಾರ್ಖಾನೆ ಇರಲಿಲ್ಲ, ಅಷ್ಟೆ. ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ 7,280 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2025ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ನಮ್ಮ ಮರಳಿನಲ್ಲಿ ಡಿಸ್ಪ್ರೋಸಿಯಂ ಅಂಶ ಬಹಳ ಕಡಿಮೆ.