ಸಾಕು ನಾಯಿಗಳ ನಿಯಂತ್ರಣ ಹಾಗೂ ಮಾಲೀಕರ ಹೊಣೆಗಾರಿಕೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಮನೆ, ಹೊಲ ಹಾಗೂ ಕುರಿಹಿಂಡುಗಳ ಕಾವಲಿಗಾಗಿ ನಾಯಿ ಸಾಕುವುದು ಹಿಂದಿನಿಂದ ಬಂದ ರೂಢಿಯಾಗಿದೆ. ಸಾಕಿದ ನಾಯಿಯಿಂದ ಅನ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳುವುದು ಮಾಲೀಕರ ಕರ್ತವ್ಯ. ಈ ಕುರಿತ ಮುಖ್ಯ ಅಂಶಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಕೆಳಗೆ ವಿವರಿಸಲಾಗಿದೆ.

ಕಾನೂನಿನ ಹಿನ್ನೆಲೆ

1. ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಸಂಭವಿಸದಂತೆ ಸಾಕಷ್ಟು ಮುನ್ನೆಚ್ಚರಿಕೆ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 291ರ ಪ್ರಕಾರ ಅಪರಾಧ. ಇದಕ್ಕೆ 6 ತಿಂಗಳವರೆಗೆ ಕಾರಾವಾಸ ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಿನಾಂಕ 1-7-2024ಕ್ಕೂ ಮೊದಲು ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ ಕಲಂ 289ರಲ್ಲಿ ದಂಡದ ಮಿತಿ 1,000 ರೂ. ಆಗಿತ್ತು.

2. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಸಾಕು ಪ್ರಾಣಿಗೆ ಜಂತುನಾಶಕ ಔಷಧ, ಲಸಿಕೆ ಹಾಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಹೊಣೆ ಮಾಲೀಕರದ್ದೇ ಆಗಿರುತ್ತದೆ.

3. ನಿಯಂತ್ರಣವೆಂದರೆ ಸದಾ ಕಟ್ಟಿಹಾಕುವುದಲ್ಲ. ಮಿತಿಮೀರಿ ಗಿಡ್ಡ ಅಥವಾ ಭಾರವಾದ ಸರಪಳಿಯಿಂದ ದೀರ್ಘಕಾಲ ಬಿಗಿಯುವುದು, ಸದಾ ಕಟ್ಟಿದ ನಾಯಿಗೆ ವ್ಯಾಯಾಮ ನೀಡದಿರುವುದು ಹಾಗೂ ನಾಯಿಯನ್ನು ತೊರೆಯುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಕಲಂ 11ರ ಅನ್ವಯ ಕ್ರೌರ್ಯವೆನಿಸುತ್ತವೆ.

ಮಾಲೀಕರು ಅನುಸರಿಸಬೇಕಾದ ಕ್ರಮಗಳು

1. ಮನೆಯ ಆವರಣದಿಂದ ಹೊರಗೆ ನಾಯಿಯನ್ನು ಕೊರಳಪಟ್ಟಿ ಮತ್ತು ಗಟ್ಟಿಯಾದ ಹಗ್ಗದೊಂದಿಗೆ ಕರೆದೊಯ್ಯಬೇಕು. ಹಗ್ಗವು ನಾಯಿಯನ್ನು ತಡೆದು ನಿಲ್ಲಿಸಬಲ್ಲ ವಯಸ್ಕರ ಕೈಯಲ್ಲಿರಬೇಕು. ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ಕಚ್ಚುವ ಸ್ವಭಾವದ ನಾಯಿಗೆ ಬಾಯಿಕುಕ್ಕೆ ಹಾಕುವುದು ಸೂಕ್ತ.

2. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯು ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ ತಳಿ. ಓಡುವ ಕುರಿಮರಿ, ಸೈಕಲ್ ಅಥವಾ ಮಗುವನ್ನು ಕಂಡಾಗ ಇಂತಹ ನಾಯಿ ಮಾಲೀಕರ ಕೂಗಿಗೆ ನಿಲ್ಲದೇ ಇರಬಹುದು. ಆದುದರಿಂದ ಬಯಲಿನಲ್ಲಿಯೂ ಹಗ್ಗ ಅವಶ್ಯ.

3. ಸವದತ್ತಿಯ ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಜಾತ್ರೆಗಳು, ಅಕ್ಟೋಬರ್‌ನ ಕಿತ್ತೂರು ಉತ್ಸವ ಹಾಗೂ ವಾರದ ಸಂತೆಗಳಂತಹ ಜನಸಂದಣಿಗೆ ನಾಯಿಗಳನ್ನು ಕರೆತರದಿರುವುದು ಒಳಿತು.

4. ಮರಿಗೆ 3 ತಿಂಗಳಾದಾಗ ರೇಬಿಸ್ ನಿರೋಧಕ ಲಸಿಕೆ ಹಾಕಿಸಿ, ನಂತರ ಪಶುವೈದ್ಯರ ಸಲಹೆಯಂತೆ ಪ್ರತಿವರ್ಷ ಮುಂದುವರಿಸಬೇಕು. ಲಸಿಕೆಯ ಪ್ರಮಾಣಪತ್ರವನ್ನು ಕಾಯ್ದಿರಿಸಬೇಕು. ಹೊಲ ಅಥವಾ ಕುರಿಹಿಂಡು ಕಾಯುವ ನಾಯಿಗಳಿಗೂ ಇದು ಅನ್ವಯಿಸುತ್ತದೆ.

5. ಸಾರ್ವಜನಿಕ ಸ್ಥಳದಲ್ಲಿ ನಾಯಿ ಮಾಡುವ ಹೊಲಸನ್ನು ಮಾಲೀಕರೇ ತೆಗೆಯಬೇಕು.

ನಾಯಿ ಕಚ್ಚಿದಲ್ಲಿ

ರೇಬಿಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿ ಬದುಕುಳಿಯುವುದು ಅತ್ಯಂತ ವಿರಳ. ಆದರೆ ಸಕಾಲದ ಚಿಕಿತ್ಸೆಯಿಂದ ಇದನ್ನು ತಡೆಗಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರಿಗೆ ತಗಲುವ ರೇಬಿಸ್ ಪ್ರಕರಣಗಳಲ್ಲಿ ಶೇ. 99ರಷ್ಟಕ್ಕೆ ನಾಯಿಗಳೇ ಕಾರಣ.

1. ಗಾಯವನ್ನು ತಕ್ಷಣ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಶಿಣ, ಎಣ್ಣೆ ಹಚ್ಚಬಾರದು.

2. ಅಂದೇ ಸರ್ಕಾರಿ ಆಸ್ಪತ್ರೆಗೆ ತೆರಳಬೇಕು. ಚರ್ಮದೊಳಗೆ ನೀಡುವ ಕ್ರಮದಲ್ಲಿ ಲಸಿಕೆಯನ್ನು 0, 3, 7 ಮತ್ತು 28ನೇ ದಿನಗಳಂದು ಹಾಕಲಾಗುತ್ತದೆ. ಮೊದಲ ಚುಚ್ಚುಮದ್ದಿನ ದಿನವೇ 0 ದಿನ. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲೋಬ್ಯುಲಿನ್ ಸಹ ಬೇಕಾಗುತ್ತದೆ. ಗಾಯ ಮಾಯ್ದಿತೆಂದು ಲಸಿಕೆಯನ್ನು ನಡುವೆ ನಿಲ್ಲಿಸಬಾರದು.

3. ಕಚ್ಚಿದ ನಾಯಿಯನ್ನು ಕೊಲ್ಲದೆ, ಓಡಿಸದೆ, ಸುರಕ್ಷಿತವಾಗಿ ಕಟ್ಟಿ 10 ದಿನ ಗಮನಿಸಬೇಕು. ಈ ಅವಧಿ ಮುಗಿಯಲೆಂದು ಚಿಕಿತ್ಸೆಯನ್ನು ಮುಂದೂಡಬಾರದು. ನಾಯಿಗೆ ಲಸಿಕೆ ಹಾಕಿಸಲಾಗಿದೆಯೇ ಎಂಬುದನ್ನು ಮರೆಮಾಚದೆ ಗಾಯಾಳುವಿಗೂ ವೈದ್ಯರಿಗೂ ತಿಳಿಸುವುದು ಮಾಲೀಕರ ಹೊಣೆ. ಆ ಮಾಹಿತಿಯು ಒಂದು ಜೀವವನ್ನು ಉಳಿಸಬಹುದು.

ಸಂಪರ್ಕ

ನಾಯಿಗಳ ನೋಂದಣಿ ಹಾಗೂ ಪರವಾನಗಿಯ ಬಗ್ಗೆ ಆಯಾ ಪಟ್ಟಣದ ಸ್ಥಳೀಯ ಸಂಸ್ಥೆ ಅಥವಾ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ, ಲಸಿಕೆಯ ಬಗ್ಗೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಪಶುವೈದ್ಯಕೀಯ ತುರ್ತು ಸೇವೆಗೆ 1962, ಆಂಬ್ಯುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬಹುದು. ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.