ನಿಮಿಷಕ್ಕೊಮ್ಮೆ ಕೇಳುವ ಪ್ರಶ್ನೆ

ನಮ್ಮ ಬಿಬವೇವಾಡಿಯಲ್ಲಿ ರೈಲು ನಿಲ್ದಾಣವಿಲ್ಲ. ಆದರೆ ರೈಲಿನಲ್ಲೇ ಅರ್ಧ ಆಯುಷ್ಯ ಕಳೆದ ಹಿರಿಯರೊಬ್ಬರಿದ್ದಾರೆ. ಮೂಲತಃ ವಾಡಿಯ ಕಡೆಯವರು. ಗೂಡ್ಸ್ ಗಾಡಿ ನಡೆಸಿ ನಿವೃತ್ತರಾದವರು. ಮೊನ್ನೆ ಭಾನುವಾರ ಸಂಜೆ ನಾವು ಅವರ ಮನೆಗೆ ಹೋಗಿದ್ದೆವು.

“ಕಾಕಾ, ಗಾಡಿಯನ್ನು ತಾನೇ ನಿಲ್ಲಿಸುವ ಯಂತ್ರವಿತ್ತಂತಲ್ಲ, ನಿಮ್ಮ ಕೆಲಸ ಹಗುರಾಗಿರಬೇಕು?” ಎಂದೆವು.

ಕಾಕಾ ನಕ್ಕರು. “ಹಗುರೇನ್ ಬಂತು? ಅದರ ಕಾಟ ನಿಮಗೇನ್ ಗೊತ್ತರೀ!”

ಅವರು ಹೇಳಿದ್ದು ಎಂಜಿನ್ನಿನಲ್ಲಿರುವ ಎಚ್ಚರಿಕೆಯ ಸಾಧನದ ವಿಷಯ. ಚಾಲಕನು ೬೦ ಸೆಕೆಂಡು ವೇಗದ ಹಿಡಿಕೆಯನ್ನಾಗಲಿ, ಬ್ರೇಕನ್ನಾಗಲಿ ಮುಟ್ಟದಿದ್ದರೆ ದೀಪ ಮಿನುಗುತ್ತದೆ. ಸುಮಾರು ೮ ಸೆಕೆಂಡಿನ ಮೇಲೆ ಸದ್ದು ಮೊಳಗುತ್ತದೆ. ಮತ್ತೆ ಸುಮಾರು ೮ ಸೆಕೆಂಡಿನೊಳಗೆ ಗುಂಡಿ ಒತ್ತದಿದ್ದರೆ ಬ್ರೇಕು ತಾನೇ ಬೀಳುತ್ತದೆ. ಐವತ್ತಕ್ಕೂ ಹೆಚ್ಚು ಡಬ್ಬಿಗಳ ಗಾಡಿ ಹಾಗೆ ನಿಂತರೆ, ಕೊಳವೆಗಳಲ್ಲಿ ಗಾಳಿ ತುಂಬಿ ಬ್ರೇಕು ಸಡಿಲವಾಗುವ ತನಕ ಕದಲುವಂತಿಲ್ಲ. ಹಿಂದಿನ ಗಾಡಿಗಳೂ ಕಾಯಬೇಕು. ಆಮೇಲೆ ಚಾಲಕನೇ ಕಾರಣ ಬರೆದುಕೊಡಬೇಕು.

“ಎದುರಿಗೆ ಸಿಗ್ನಲ್ ನೋಡೂದೋ, ಗುಂಡಿ ಒತ್ತೂದೋ? ಕಳ್ಳನ್ನ ಕೇಳಿಧಂಗ ನಿಮಿಷ ನಿಮಿಷಕ್ಕ ‘ಎಚ್ಚರ ಅದೀಯೇನು’ ಅಂತ ಕೇಳ್ತದ!”

ಚಹಾ ತಂದ ಕಾಕೂ, “ಇವರು ಊಟಕ್ಕ ಕೂತಾಗೂ ಹೆಬ್ಬೆರಳಿಂದ ತಾಟಿನ ಅಂಚು ಒತ್ತತಿದ್ದರು” ಎಂದರು. ನಾವೆಲ್ಲ ನಕ್ಕೆವು.

ಹಾಗಾದರೆ ಆ ಸಾಧನ ಬೇಡವೇ? ಈ ಪ್ರಶ್ನೆಗೆ ಕಾಕಾ ಒಡನೆ ಉತ್ತರಿಸಲಿಲ್ಲ. ೨೦೧೨ರ ಮೇ ೨೨ರ ನಸುಕಿನಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿದು ೨೦ಕ್ಕೂ ಹೆಚ್ಚು ಜನ ಮಡಿದರು. ಆ ಸುದ್ದಿ ಕೇಳಿದ ದಿನದಿಂದ ತಾವು ಗುಂಡಿಯನ್ನು ಬೈಯುವುದನ್ನು ಬಿಟ್ಟೆವೆಂದು ಕಾಕಾ ಮೆಲ್ಲನೆ ಹೇಳಿದರು.

“ಯಂತ್ರ ಇರಲಿ. ಆದರ ಅದು ನಾ ಎಚ್ಚರ ಅದೀನೋ ಇಲ್ಲೋ ಅಂತ ಕೇಳ್ತದ; ನಿನ್ನೆ ನಿದ್ದಿ ಆಗ್ಯದೋ ಇಲ್ಲೋ ಅಂತ ಕೇಳೂದಿಲ್ಲ. ಅದನ್ನ ಮನುಷ್ಯಾರೇ ಕೇಳಬೇಕು.”

ಈಗ ‘ಕವಚ’ ಎಂಬ ಸ್ವದೇಶಿ ವ್ಯವಸ್ಥೆ ಬಂದಿದೆ. ಅದರ ಮೊದಲ ಪ್ರಯೋಗಗಳು ನಡೆದದ್ದು ಕಾಕಾನ ತವರಾದ ವಾಡಿ ಮತ್ತು ಬೀದರಿನ ಮಾರ್ಗಗಳಲ್ಲಿಯೇ. ಹಳಿಯ ಮೇಲಿನ ಗುರುತುಪಟ್ಟಿಗಳಿಂದಲೂ ರೇಡಿಯೋದಿಂದಲೂ ಅದು ಸಿಗ್ನಲನ್ನು ತಿಳಿದುಕೊಂಡು, ಚಾಲಕ ತಪ್ಪಿದರೆ ತಾನೇ ಬ್ರೇಕು ಹಾಕುತ್ತದೆ. ೨೦೨೨ರ ಮಾರ್ಚ್ ೪ರಂದು ಸಿಕಂದರಾಬಾದಿನ ಕಡೆ ನಡೆದ ಪರೀಕ್ಷೆಯಲ್ಲಿ, ಎದುರಿನ ಎಂಜಿನ್ನಿಗೆ ೩೮೦ ಮೀಟರು ದೂರವಿರುವಾಗಲೇ ಗಾಡಿಯನ್ನು ನಿಲ್ಲಿಸಿತು.

ರಾತ್ರಿಯ ಗಾಡಿಯಲ್ಲಿ ಮಕ್ಕಳೊಡನೆ ಊರಿಗೆ ಹೋಗುವ ನಾವು ನಿಶ್ಚಿಂತೆಯಿಂದ ಮಲಗುತ್ತೇವೆ. ಮುಂದೆ ಒಬ್ಬನು ನಮಗಾಗಿ ಕಣ್ಣು ತೆರೆದು ಕುಳಿತಿರುತ್ತಾನೆ. ಅವನ ಕೈಗೆ ಒಳ್ಳೆಯ ಯಂತ್ರವೂ ಬೇಕು, ಕಣ್ಣಿಗೆ ಸಾಕಷ್ಟು ನಿದ್ದೆಯೂ ಬೇಕು. ಮೊದಲನೆಯದನ್ನು ಕೊಡುತ್ತಿರುವವರು ಎರಡನೆಯದನ್ನು ಮರೆಯದಿರಲಿ.