ಚಂದ್ರನ ಮಣ್ಣಿನಲ್ಲಿ ವಸತಿ ನಿರ್ಮಾಣ: ಸಾಧ್ಯತೆ ಮತ್ತು ಮಿತಿ

ಮನುಷ್ಯನ ವಸತಿಯ ಚರಿತ್ರೆಯು ಬಹುಮಟ್ಟಿಗೆ ಆಯಾ ನೆಲದ ಮಣ್ಣು ಕಲ್ಲುಗಳ ಚರಿತ್ರೆಯೇ ಆಗಿದೆ. ಕರಾವಳಿಯಲ್ಲಿ ಮುರಕಲ್ಲಿನ ಗೋಡೆಗಳು ಎದ್ದುದಕ್ಕೂ ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ ಮನೆಗಳು ಬೆಳೆದುದಕ್ಕೂ ಕಾರಣ ಒಂದೇ: ಭಾರವಾದ ಸಾಮಗ್ರಿಯನ್ನು ದೂರದಿಂದ ಹೊತ್ತು ತರುವುದು ದುಬಾರಿ. ಚಂದ್ರನ ಮೇಲೆ ನೆಲೆಸುವ ಯೋಜನೆಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಭೂಮಿಯಿಂದ ಒಂದು ಇಟ್ಟಿಗೆಯನ್ನು ಅಲ್ಲಿಗೆ ಒಯ್ಯಬೇಕಾದರೆ ಅದರ ತೂಕದ ನೂರಾರು ಪಟ್ಟು ಇಂಧನವನ್ನು ಉರಿಸಬೇಕಾಗುತ್ತದೆ. ಆದುದರಿಂದ ಅಲ್ಲಿನ ಮಣ್ಣಿನಿಂದಲೇ ಅಲ್ಲಿನ ಮನೆಯನ್ನು ಕಟ್ಟಬಹುದೇ ಎಂಬ ಪ್ರಶ್ನೆ ಮಹತ್ವ ಪಡೆಯುತ್ತದೆ.

1969ರಿಂದ 1972ರವರೆಗಿನ ಅಪೊಲೊ ಯಾತ್ರೆಗಳು ಸುಮಾರು 382 ಕಿಲೋಗ್ರಾಂ ಕಲ್ಲುಮಣ್ಣನ್ನು ತಂದವು. ಅವುಗಳ ಅಧ್ಯಯನದಿಂದ ಚಂದ್ರನ ಮಣ್ಣು, ಅಂದರೆ ರೆಗೊಲಿತ್, ಹೊಲದ ಮಣ್ಣಿನಂತಹುದಲ್ಲವೆಂಬುದು ಸ್ಪಷ್ಟವಾಯಿತು. ಕೋಟ್ಯಂತರ ವರ್ಷಗಳ ಉಲ್ಕಾಘಾತದಿಂದ ಪುಡಿಯಾದ ಶಿಲೆಯೇ ಅದು. ಗಾಳಿ ನೀರುಗಳ ಸವೆತವಿಲ್ಲದ ಕಾರಣ ಅದರ ಕಣಗಳ ಅಂಚು ಗಾಜಿನ ಚೂರಿನಂತೆ ಹರಿತವಾಗಿಯೇ ಉಳಿದಿದೆ. ಅದರಲ್ಲಿ ಜೇಡಿಯಿಲ್ಲ, ಜೈವಿಕಾಂಶವಿಲ್ಲ. ತೂಕದಲ್ಲಿ ಶೇಕಡ 40ಕ್ಕೂ ಹೆಚ್ಚು ಭಾಗ ಆಕ್ಸಿಜನ್ ಇದ್ದರೂ ಅದು ಖನಿಜಗಳಲ್ಲಿ ಬಂಧಿತವಾಗಿದೆ.

ಪ್ರಯೋಗಗಳಿಗೆ ನಿಜವಾದ ಚಂದ್ರಮಣ್ಣು ದೊರೆಯುವುದು ವಿರಳ. ಆದ್ದರಿಂದ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೋ) ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಶಿಲೆಯಿಂದ ಕೃತಕ ಚಂದ್ರಮಣ್ಣನ್ನು ತಯಾರಿಸಿತು. 2023ರ ಆಗಸ್ಟ್ 23ರಂದು ದಕ್ಷಿಣ ಧ್ರುವಪ್ರದೇಶದ ಸಮೀಪ ಇಳಿದ ಚಂದ್ರಯಾನ-3ರ ರೋವರ್, ಅಲ್ಲಿನ ಮಣ್ಣೂ ಅನಾರ್ಥೊಸೈಟ್ ಜಾತಿಯದೇ ಎಂಬುದನ್ನು ತೋರಿಸಿತು.

ಈ ಪುಡಿಯನ್ನು ಗಟ್ಟಿಗೊಳಿಸುವ ಮಾರ್ಗಗಳು ಮುಖ್ಯವಾಗಿ ಮೂರು. ಮೊದಲನೆಯದು ದಹನ ಮಾರ್ಗ. ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖದಲ್ಲಿ ಕಣಗಳ ಅಂಚುಗಳು ಮೆತ್ತಗಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದಕ್ಕೆ ನೀರು ಬೇಡ, ಆದರೆ ಅಪಾರ ಶಕ್ತಿ ಬೇಕು. ಚಂದ್ರನ ಬಹುಭಾಗದಲ್ಲಿ ಸುಮಾರು ಹದಿನಾಲ್ಕು ದಿನಗಳ ರಾತ್ರಿಯಿರುವುದರಿಂದ ಸೌರಶಕ್ತಿಯೊಂದನ್ನೇ ನಂಬುವಂತಿಲ್ಲ. ಎರಡನೆಯದು ಬಂಧಕ ಮಾರ್ಗ. 1986ರಲ್ಲಿ ಟಿ. ಡಿ. ಲಿನ್ ಅವರು ನಾಸಾದಿಂದ ಪಡೆದ 40 ಗ್ರಾಂ ಚಂದ್ರಮಣ್ಣಿನಿಂದ ಕಾಂಕ್ರೀಟು ತಯಾರಿಸಿ, ಅದು ಬಲದಲ್ಲಿ ಸಾಮಾನ್ಯ ಕಾಂಕ್ರೀಟಿಗೆ ಕಡಿಮೆಯಿಲ್ಲವೆಂದು ತೋರಿಸಿದರು.

ಮೂರನೆಯದು ಜೈವಿಕ ಮಾರ್ಗ. ಇದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೊಡುಗೆ ಗಮನಾರ್ಹವಾದುದು. ಇಸ್ರೋ ಸಹಯೋಗದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಸ್ಪೋರೊಸಾರ್ಸಿನಾ ಪಾಶ್ಚುರಿ ಎಂಬ ಬ್ಯಾಕ್ಟೀರಿಯವನ್ನು ಕೃತಕ ಚಂದ್ರಮಣ್ಣು, ಯೂರಿಯ ಹಾಗೂ ಕ್ಯಾಲ್ಸಿಯಂಗಳೊಡನೆ ಬೆರೆಸಲಾಯಿತು. ಬ್ಯಾಕ್ಟೀರಿಯವು ಯೂರಿಯವನ್ನು ಒಡೆದಾಗ ಹುಟ್ಟುವ ಕಾರ್ಬೊನೇಟು ಕ್ಯಾಲ್ಸಿಯಂನೊಡನೆ ಕೂಡಿ ಸುಣ್ಣಕಲ್ಲಿನ ಹರಳುಗಳಾಗಿ ಕಣಗಳ ನಡುವಿನ ಸಂದುಗಳನ್ನು ತುಂಬುತ್ತದೆ. ಗೋರಿಕಾಯಿ ಬೀಜದ ಅಂಟನ್ನು ಸೇರಿಸಿದಾಗ ಇಟ್ಟಿಗೆಯ ಬಲ ಹೆಚ್ಚಿತು. ಯೂರಿಯವನ್ನು ಯಾತ್ರಿಗಳ ಮೂತ್ರದಿಂದಲೇ ಪಡೆಯಬಹುದು. ಆದರೆ ಈ ವಿಧಾನಕ್ಕೆ ನೀರು ಅನಿವಾರ್ಯ. ಚಂದ್ರನಲ್ಲಿ ನೀರಿಗಿಂತ ಬೆಲೆಯುಳ್ಳ ವಸ್ತು ಮತ್ತೊಂದಿಲ್ಲ.

ಇಟ್ಟಿಗೆ ದೊರೆತ ಮಾತ್ರಕ್ಕೆ ಮನೆ ದೊರೆತಂತಾಗುವುದಿಲ್ಲ. ಭೂಮಿಯ ಮೇಲಿನ ಗೋಡೆ ಮೇಲಿನ ಭಾರವನ್ನು ಹೊರಬೇಕು. ಚಂದ್ರನ ಮೇಲಿನ ಗೋಡೆ ಒಳಗಿನ ಗಾಳಿಯನ್ನು ತಡೆಹಿಡಿಯಬೇಕು. ಹೊರಗೆ ನಿರ್ವಾತವಿರುವುದರಿಂದ ಭೂಮಿಯ ವಾಯುಭಾರವನ್ನು ಒಳಗೆ ಕಾಪಾಡಿಕೊಂಡರೆ ಚಾವಣಿಯ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಒತ್ತಡ ಹೊರಮುಖವಾಗಿ ಬೀಳುತ್ತದೆ. ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಭಾಗ. ಘನ ಮೀಟರಿಗೆ ಒಂದೂವರೆ ಟನ್ನಿನಷ್ಟಿರುವ ಮಣ್ಣು ಅಲ್ಲಿ ಕಾಲು ಟನ್ನಿನ ಭಾರವನ್ನಷ್ಟೇ ಹಾಕುತ್ತದೆ. ಆ ಲೆಕ್ಕದಲ್ಲಿ ಒಳಗಾಳಿಯ ಒತ್ತಡವನ್ನು ಮಣ್ಣಿನ ಹೇರಿನಿಂದಲೇ ಸರಿದೂಗಿಸಲು ಸುಮಾರು 40 ಮೀಟರ್ ದಪ್ಪದ ಹೊದಿಕೆ ಬೇಕು. ಇಟ್ಟಿಗೆಯು ಒತ್ತನ್ನು ತಾಳಬಲ್ಲದು, ಎಳೆತವನ್ನು ತಾಳಲಾರದು.

ಆದುದರಿಂದ ಕಾರ್ಯವಿಭಜನೆ ಅಗತ್ಯವಾಗುತ್ತದೆ. ಗಾಳಿಯನ್ನು ಹಿಡಿದಿಡುವ ಹಗುರವಾದ ಒಳಕವಚವು ಭೂಮಿಯಿಂದ ಹೋಗಬೇಕು. ವಿಕಿರಣ, ಸೂಕ್ಷ್ಮ ಉಲ್ಕೆ ಹಾಗೂ ಉಷ್ಣತೆಯ ಏರಿಳಿತಗಳನ್ನು ತಡೆಯುವ ಹೊರಕವಚ ಮಾತ್ರ ಅಲ್ಲಿನ ಮಣ್ಣಿನದಾಗಬೇಕು. ಮೇಲ್ಮೈಯಿಂದ ಕೆಲವೇ ಸೆಂಟಿಮೀಟರ್ ಆಳದಲ್ಲಿ ಉಷ್ಣತೆಯು ಹತ್ತಾರು ಡಿಗ್ರಿ ಇಳಿಯುವುದನ್ನು ಚಂದ್ರಯಾನ-3 ಅಳೆದಿದೆ; ಸಡಿಲ ಮಣ್ಣು ಎಷ್ಟು ಉತ್ತಮ ಶಾಖನಿರೋಧಕವೆಂಬುದಕ್ಕೆ ಇದು ಸಾಕ್ಷಿ. 2013ರಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯು ಮುಂದಿಟ್ಟ ವಿನ್ಯಾಸದಲ್ಲಿಯೂ ಗಾಳಿ ತುಂಬಿದ ಗುಮ್ಮಟದ ಮೇಲೆ ಮಣ್ಣಿನ ಕವಚವನ್ನು ಯಂತ್ರಗಳು ಪದರಪದರವಾಗಿ ಮುದ್ರಿಸುತ್ತವೆ.

ಇಟ್ಟಿಗೆಯ ಬಾಳಿಕೆಯ ಪರೀಕ್ಷೆ ಆರಂಭವಾಗಿದೆ. 2024ರ ನವೆಂಬರಿನಲ್ಲಿ ಚೀನವು ಕೃತಕ ಚಂದ್ರಮಣ್ಣಿನ ಇಟ್ಟಿಗೆಗಳನ್ನು ತನ್ನ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿತು. ಸುಟ್ಟ ಇಟ್ಟಿಗೆಯ ಬಿರುಕನ್ನು ಬ್ಯಾಕ್ಟೀರಿಯದಿಂದ ಬೆಸೆಯುವ ವಿಧಾನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2025ರಲ್ಲಿ ಪ್ರಕಟಿಸಿತು. ಇಡೀ ಗೋಡೆಗೆ ವ್ಯಯಿಸಲಾಗದ ನೀರನ್ನು ಬಿರುಕಿನ ದುರಸ್ತಿಗೆ ವ್ಯಯಿಸಬಹುದು ಎಂಬುದನ್ನು ನೆನೆದರೆ ಈ ಎರಡು ಮಾರ್ಗಗಳು ಪರಸ್ಪರ ಪೂರಕವೆಂಬುದು ವಿದಿತವಾಗುತ್ತದೆ. ಶಕ್ತಿಯಿರುವಲ್ಲಿ ಸುಡುವುದು, ನೀರನ್ನು ದುರಸ್ತಿಗೆ ಮೀಸಲಿಡುವುದು, ಗಾಳಿಯ ರಕ್ಷಣೆಯನ್ನು ಮಣ್ಣಿಗೆ ವಹಿಸದಿರುವುದು: ಚಂದ್ರನ ವಾಸ್ತುಶಾಸ್ತ್ರವೊಂದು ರೂಪುಗೊಳ್ಳುವುದಾದರೆ ಅದರ ಮೊದಲ ಸೂತ್ರಗಳು ಇವೇ ಆಗಿರುತ್ತವೆ.